ದೋಣಿ ಹತ್ತದ ತಪ್ಪಲೆ

ಮದ್ರಾಸಿನಲ್ಲಿ ನಮ್ಮ ಕಡೆಯವರ ಹೋಟೆಲ್ ಎಂದರೆ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಫೋಟೊ ಇರಲೇಬೇಕು. ಹೋಟೆಲು ಶುರುಮಾಡಿದ ಹಿರಿಯರದ್ದು. ಕೋಟು, ಮುಂಡಾಸು, ಗಂಧದ ಹಾರ, ಕೆಳಗೆ ಊದುಬತ್ತಿ. ಮಗ ಸಾಂಬಾರಿಗೆ ಎಷ್ಟು ನೀರು ಸೇರಿಸುತ್ತಿದ್ದಾನೆಂದು ಮೇಲಿನಿಂದಲೇ ಲೆಕ್ಕ ಹಾಕುತ್ತಿರುವ ಮುಖ. ಮೈಲಾಪೂರಿನಲ್ಲಿದ್ದ ನನ್ನ ಸೋದರಮಾವನ ಹೋಟೆಲಿನಲ್ಲಿ ಆ ಜಾಗ ಖಾಲಿ. ಹೋಟೆಲು ಶುರುಮಾಡಿದ್ದ ಅಜ್ಜ, ಮಾವನ ಅಪ್ಪ, ಬದುಕಿದ್ದಷ್ಟು ದಿನ ಫೋಟೊ ತೆಗೆಸಿಕೊಳ್ಳಲಿಲ್ಲ. ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ಅವರ ನಂಬಿಕೆ. ಎಂಬತ್ತು ದಾಟಿ ತೀರಿಕೊಂಡದ್ದರಿಂದ ವಾದದಲ್ಲಿ ಗೆದ್ದವರು ಅವರೇ. ಸೋತವನು ಮಾವ.

ಅಜ್ಜ ಹೋದ ಎರಡನೆಯ ವರ್ಷ ಹಿಂದಿನ ಬೀದಿಯ ಹೋಟೆಲಿನವರು ತಮ್ಮ ತಂದೆಯ ಫೋಟೊವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ, 'ಮೈಲಾಪೂರಿನ ಮೊದಲ ಉಡುಪಿ ಹೋಟೆಲು' ಎಂದು ಕೆಳಗೆ ಬರೆಸಿದರು. ಅದು ಎರಡನೆಯದೂ ಅಲ್ಲವೆಂದು ಮಾವನಿಗೆ ಗೊತ್ತಿತ್ತು. ಆದರೆ ಹೇಳುವುದಕ್ಕೆ ಒಂದು ಮುಖ ಬೇಡವೇ? ಅಜ್ಜನದ್ದು ಅಂತ ಉಳಿದದ್ದು ಅವರು ಮೊದಲು ಅಡುಗೆ ಮಾಡಿದ ಒಂದು ಹಿತ್ತಾಳೆ ತಪ್ಪಲೆ ಮಾತ್ರ.

"ಅದನ್ನೇ ತೂಗುಹಾಕಿ ಮಾವ. ಹಾರ ಹಾಕ್ಲಿಕ್ಕೆ ಕಂಠ ಉಂಟಲ್ಲ," ಎಂದೆ.

"ನಿನ್ನ ನಾಲಗೆಗೆ ಬರೆ ಹಾಕ್ಬೇಕು," ಎಂದ ಮಾವ. ಹಾಕಲಿಲ್ಲ. ನಾಲಗೆಯೊಂದೇ ನನ್ನ ಆಸ್ತಿ ಎಂಬುದು ಅವನಿಗೂ ಗೊತ್ತಿತ್ತು.

ನನಗಾಗ ಹತ್ತೊಂಬತ್ತು. ಕಾಲೇಜಿನಲ್ಲಿ ಎರಡು ಸಲ ನಪಾಸಾಗಿ ಹೋಟೆಲಿನ ಮಹಡಿಯಲ್ಲಿ ಮೂರನೆಯ ಸಲಕ್ಕೆ ತಯಾರಿ ನಡೆಸಿದ್ದೆ. ಬರುತ್ತಿದ್ದ ವಿದ್ಯೆ ಒಂದೇ, ಕಂಡವರ ಹಾಗೆ ಮಾತಾಡುವುದು. ಪ್ರೊಫೆಸರರ ಸ್ವರದಲ್ಲಿ ಒಂದು ಗಂಟೆ ಪಾಠ ಮಾಡಬಲ್ಲೆ. ಪಾಠ ಮಾತ್ರ ಗೊತ್ತಿರಲಿಲ್ಲ. ನನ್ನ ಸರಕಿನಲ್ಲೆಲ್ಲ ಒಳ್ಳೆಯದೆಂದರೆ ಅಜ್ಜ. ಅವರು ಮದ್ರಾಸಿಗೆ ಬಂದ ಕಥೆಯನ್ನು ದಿನಾ ಸಂಜೆ ಹಿತ್ತಲಿನಲ್ಲಿ ಕೂತು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು, ಒಂದಕ್ಷರ ಆಚೀಚೆ ಆಗದಂತೆ. ಯಾರೂ ಸಿಗದಿದ್ದರೆ ನನಗೆ. ಗಲ್ಲಾ ಬಿಟ್ಟು ಏಳಲಾಗದ ಮಾವ ಮಾತ್ರ ಅದನ್ನು ಪೂರ್ತಿ ಕೇಳಿರಲಿಲ್ಲ. ಅಜ್ಜ ಹೋದ ಮೇಲೆ ಅದೇ ಕಥೆಯನ್ನು ಅವರದೇ ಸ್ವರದಲ್ಲಿ ನಾನು ಸಪ್ಲೈಯರುಗಳಿಗೆ ಹೇಳಿ ನಗಿಸುತ್ತಿದ್ದೆ. ಮಾವ ಇಲ್ಲದಾಗ.

ಮಾವನ ತಲೆಗೆ ಮ್ಯೂಸಿಯಂ ಹೊಕ್ಕದ್ದು ದಿನಾ ಕಾಫಿಗೆ ಬರುತ್ತಿದ್ದ ಒಬ್ಬ ನಿವೃತ್ತ ಗುಮಾಸ್ತರಿಂದ. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಬೇರುಬಿಟ್ಟ ವೈಷ್ಣವ ಮನೆತನ. ಮನೆಮಾತು ಕನ್ನಡ, ಅದರಲ್ಲಿ ಮುಕ್ಕಾಲು ತಮಿಳು. ಆಯುಸ್ಸೆಲ್ಲ ಬಕಿಂಗ್‌ಹ್ಯಾಮ್ ಕಾಲುವೆಯ ದೋಣಿಗಳ ಸುಂಕ ಬರೆದವರು, ನಿವೃತ್ತರಾದ ಮೇಲೆ ಕಾಲುವೆ ದಂಡೆಯ ಹಳೆಯ ಸುಂಕದ ಕೋಣೆಯನ್ನೇ ಮ್ಯೂಸಿಯಂ ಮಾಡಿಕೊಂಡು ಕೂತಿದ್ದರು. ಅಲ್ಲಿ ದೋಣಿಯ ಎರಡು ಹುಟ್ಟು, ಒಂದು ಲಾಂದ್ರ, ಉಪ್ಪು ಅಳೆಯುವ ಮರದ ಪಾತ್ರೆ, ಒಂದು ಸುರುಳಿ ಹಗ್ಗ, ಯಾರೆಂದು ಯಾರಿಗೂ ಗೊತ್ತಿಲ್ಲದ ಒಬ್ಬ ಬಿಳಿಯನ ಚಿತ್ರ. ಎಲ್ಲದರ ಮುಂದೆಯೂ 'ಮುಟ್ಟಬಾರದು' ಎಂಬ ಚೀಟಿ. ನನ್ನ ಅತ್ತೆಯ ಮಡಿ ಇದರ ಮುಂದೆ ಸಡಿಲ; ಸ್ನಾನ ಮಾಡಿ ಬಂದರೆ ಅತ್ತೆಯ ಪಾತ್ರೆಯನ್ನಾದರೂ ಮುಟ್ಟಬಹುದು. ಹೊರಗಿನ ಕಾಲುವೆ ಆಗಲೇ ಚರಿತ್ರೆಯಾಗಿಬಿಟ್ಟಿತ್ತು. ವಾಸನೆ ಮಾತ್ರ ವರ್ತಮಾನದ್ದು. ಗುಮಾಸ್ತರು ಮೂಗಿಗೆ ಉತ್ತರೀಯ ಒತ್ತಿಕೊಂಡು ಅದರ ವೈಭವ ವರ್ಣಿಸುತ್ತಿದ್ದರು.

ಅವರ ನಿಯಮ ಒಂದೇ. ಕಾಲುವೆಯಲ್ಲಿ ಬಂದ ಸಾಮಾನಾಗಿದ್ದರೆ ಮಾತ್ರ ಒಳಗೆ ಜಾಗ. ಜಾಗ ಸಿಕ್ಕಿದರೆ ಕೊಟ್ಟವರ ತಂದೆಯ ಹೆಸರು ದಪ್ಪಕ್ಷರದ ಚೀಟಿಯಲ್ಲಿ. ಈ ಚೀಟಿಯ ಮಾತು ಕೇಳಿದ ರಾತ್ರಿ ಮಾವನಿಗೆ ನಿದ್ದೆ ಬರಲಿಲ್ಲ; ಬೆಳಗಾಗುವಷ್ಟರಲ್ಲಿ ಅಜ್ಜ ಉಪ್ಪಿನ ದೋಣಿಯಲ್ಲಿ ಮದ್ರಾಸಿಗೆ ಬಂದಾಗಿತ್ತು.

"ಫೋಟೊ ಇಲ್ಲ, ಎಂತ ಇಲ್ಲ. ಹೆಸರಾದ್ರೂ ಒಂದು ಕಡೆ ಇರ್ಲಿ ಮಾರಾಯ," ಎಂದ ನನ್ನೊಡನೆ. "ನೀನು ಬಾ. ಅಜ್ಜ ಹೇಳಿದ್ದು ಕೇಳಿದ್ದೇನೆ ಅಂತ ಹೇಳು. ಅಷ್ಟೇ. ಜಾಸ್ತಿ ನಾಟಕ ಬೇಡ."

ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕಿದ ತಪ್ಪಲೆ ಮದುಮಗನ ಹಾಗೆ ಹೊಳೆಯುತ್ತಿತ್ತು. ಅದನ್ನು ಪಂಚೆಯಲ್ಲಿ ಕಟ್ಟಿಕೊಂಡು ಸೈಕಲ್ ರಿಕ್ಷಾದಲ್ಲಿ ಹೋದೆವು.

"ವಾಂಗೋ, ವಾಂಗೋ," ಎಂದರು ಗುಮಾಸ್ತರು ಗಂಟು ನೋಡಿ. "ಏನ್ ಸ್ವಾಮಿ, ಪೊಂಗಲ್ ತಂದಿದೀರಾ?"

"ಇಲ್ಲ. ಚರಿತ್ರೆ ತಂದಿದ್ದೇನೆ," ಎಂದ ಮಾವ. ಈ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ.

ಗುಮಾಸ್ತರು ತಪ್ಪಲೆಯನ್ನು ಸುತ್ತಿ ಸುತ್ತಿ ನೋಡಿದರು. "ಶರಿ. ಆದ್ರೆ ಇದು ಕಾಲುವೇಲಿ ಬಂತಾ?"

"ಕಾಲುವೆಯಲ್ಲೇ. ಉಪ್ಪಿನ ದೋಣಿಯಲ್ಲಿ."

"ನಿಮ್ಮ ಊರು ಪಡುವಣ ಸಮುದ್ರದ ಪಕ್ಕ ಅಲ್ಲವಾ? ಈ ಕಾಲುವೆ ಬರೋದು ವಡಕ್ಕಿಂದ, ಆಂಧ್ರದ ಕಡೆಯಿಂದ."

"ಅಪ್ಪ ಸ್ವಲ್ಪ ಸುತ್ತು ಹಾಕಿ ಬಂದ್ರು."

"ಎಷ್ಟು ಸುತ್ತು?"

"ನೆಲ್ಲೂರಿನಷ್ಟು."

ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೆಂಪು ಬಟ್ಟೆಯ ಒಂದು ದೊಡ್ಡ ರಿಜಿಸ್ಟರು ಬಿಚ್ಚಿದರು. "ನೀವು ಆವಾಗ ಹುಟ್ಟಿರಲಿಲ್ಲ. ಹಾಗಾಗಿ ನಿಮ್ಮ ಮಾತು ಬೇಡ. ಪೆರಿಯವರು ಏನು ಹೇಳ್ತಿದ್ರು, ಅದು ಬೇಕು. ಅವರ ಮಾತಲ್ಲೇ. ಒಂದೊಂದು ಅಕ್ಷರ ಬರ್ಕೊಳ್ತೀನಿ."

ಮಾವ ನನ್ನ ಬೆನ್ನಿಗೆ ಬೆರಳಿನಿಂದ ತಿವಿದ. ಅಷ್ಟೇ ಸಾಕಿತ್ತು. 'ಅವರ ಮಾತಲ್ಲೇ' ಎಂದು ನನ್ನಂಥವನಿಗೆ ಹೇಳುವುದೂ ಒಂದೇ, ಬೆಕ್ಕಿನ ಮುಂದೆ ಮೊಸರಿನ ಮುಚ್ಚಳ ತೆಗೆಯುವುದೂ ಒಂದೇ. ಒಂದು ಮಂಡಿ ಮೇಲೆತ್ತಿ ಕೂತೆ. ಇಲ್ಲದ ನಸ್ಯವನ್ನು ಚಿಟಿಕೆಯಲ್ಲಿ ಹಿಡಿದು ಏರಿಸಿದೆ. ಎರಡು ಸಲ ಕೆಮ್ಮಿದೆ. ಬೆನ್ನ ಹಿಂದೆ ಮಾವ ಎತ್ತಿಕಟ್ಟಿದ್ದ ಪಂಚೆ ಇಳಿಬಿಟ್ಟ ಸದ್ದಾಯಿತು.

"ಕೇಳು ಮಾರಾಯ. ಆಗ ನಂಗೆ ಮೀಸೆ ಸಹ ಸರಿಯಾಗಿ ಬಂದಿರ್ಲಿಲ್ಲ. ಮದ್ರಾಸಿಗೆ ಬಂದವ ನಾನು..."

ಇಲ್ಲಿ ದೋಣಿ ಬರಬೇಕು. ಮನಸ್ಸಿನಲ್ಲಿ ತಯಾರಾಗಿತ್ತು. ಆದರೆ ಆ ಸ್ವರ ಅದೆಷ್ಟೋ ವರ್ಷ ಒಂದೇ ದಾರಿಯಲ್ಲಿ ನಡೆದದ್ದು. ಗಾಣದ ಎತ್ತಿಗೆ ಹೊಸ ರಸ್ತೆ ತೋರಿಸಿದರೆ ಹೋಗುತ್ತದೆಯೇ?

"...ಸೆಂಟ್ರಲ್ ಸ್ಟೇಶನಿನಲ್ಲಿ ರೈಲಿಳಿದೆ. ಹೊರಗೆ ಬಂದ್ರೆ ಜನವೋ ಜನ. ಇವರಿಗೆಲ್ಲ ಅನ್ನ ಹಾಕುವವ ಯಾರು ಅಂತ ಯೋಚನೆಯಾಯ್ತು."

ಮಾವ ಕೆಮ್ಮಿದ. ಸರಿಮಾಡಲು ಹೋಗಿ, "ದೋಣಿ..." ಎಂದು ತೊಡಗಿದೆ. ಬಾಯಲ್ಲಿದ್ದ ಮುದುಕ ಅದನ್ನೂ ಹಿಡಿದುಕೊಂಡ.

"ದೋಣಿಯಾ? ಅದರ ಹೆಸರೆತ್ತಬೇಡ! ಊರಲ್ಲಿ ಒಮ್ಮೆ ಹೊಳೆ ದಾಟುವಾಗ ಹೊಟ್ಟೆಯಲ್ಲಿದ್ದದ್ದೆಲ್ಲ ಹೊಳೆಗೆ ಕೊಟ್ಟೆ. ಆಮೇಲೆ ಹೊಳೆಗೆ ಸಂಕ ಹಾಕದ ಊರಿಗೆ ನಾನು ಹೋದವನೇ ಅಲ್ಲ."

ಗುಮಾಸ್ತರ ಪೆನ್ನು ಕರಕರ ಓಡುತ್ತಿತ್ತು. "ತಪ್ಪಲೆ?" ಎಂದು ಕೇಳಿದರು ತಲೆಯೆತ್ತದೆ. ನನ್ನನ್ನಲ್ಲ, ಅಜ್ಜನನ್ನು.

"ಅದು ಪ್ಯಾರೀಸ್ ಕಾರ್ನರ್ ಹತ್ರ ಹಳೇ ಪಾತ್ರೆಯವನ ಕೈಯಿಂದ ತಕ್ಕೊಂಡದ್ದು. ಸೋರ್ತದೆ ಅಂತ ಹೇಳಿಯೇ ಕೊಟ್ಟ. ಪ್ರಾಮಾಣಿಕ. ಹೇಳಿದ ಹಾಗೆಯೇ ಸೋರ್ತಿತ್ತು. ಮಗ ಹುಟ್ಟಿದ ಸುದ್ದಿಯ ಕಾಗದ ಊರಿಂದ ಬಂದ ದಿನ ತೂತಿಗೆ ಸುಣ್ಣ ಬೆಲ್ಲ ಮೆತ್ತಿ ಅದರಲ್ಲೇ ಪಾಯಸಕ್ಕಿಟ್ಟೆ. ಅರ್ಧ ಪಾಯಸ ಒಲೆ ಕುಡೀತು. ಉಳಿದದ್ದು ಬೀದಿಯವರಿಗೆಲ್ಲ ಹಂಚಿದೆ. ನಂಗೆ ಸೌಟು ನೆಕ್ಕಿದ್ದೇ ಬಂತು. ಆದ್ರೆ ಎಂತ ರುಚಿ ಅಂತೀಯಾ!"

ಅಜ್ಜ ಮುಗಿಸಿದರು. ನಾನು ಕಾಲಿಳಿಸಿದೆ. ಗುಮಾಸ್ತರು ಬರೆದದ್ದನ್ನು ಮೊದಲಿನಿಂದ ಓದಿ, "ರೈಲಲ್ಲಿ ಬಂದೋರು. ಪಾತ್ರೆ ಪ್ಯಾರೀಸ್ ಕಾರ್ನರ್‌ದು. ಕಾಲುವೆಗೂ ಇದಕ್ಕೂ ಸಂಬಂಧವೇ ಇಲ್ಲೈ," ಎಂದು 'ತಿರಸ್ಕರಿಸಲಾಗಿದೆ' ಎಂದು ಷರಾ ಬರೆದರು. ಅದರ ಕೆಳಗೆ ಮಾವನ ರುಜುವನ್ನೂ ತೆಗೆದುಕೊಂಡರು. ಅಜ್ಜನ ಹೆಸರು ಕೊನೆಗೂ ಒಂದು ಕಡೆ ದಾಖಲಾಯಿತು, ಆ ಮ್ಯೂಸಿಯಂನಿಂದ ತಿರಸ್ಕೃತರಾದವರ ಪೈಕಿ ಮೊದಲನೆಯವರಾಗಿ. ಇದನ್ನು ಮಾವನಿಗೆ ಹೇಳೋಣವೆಂದುಕೊಂಡೆ. ಹೇಳದೆ ಇದ್ದದ್ದು ಆ ವರ್ಷ ನಾನು ಮಾಡಿದ ಒಂದೇ ಜಾಣತನ.

ರಿಕ್ಷಾದಲ್ಲಿ ಮಾವ ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹೊಡೆತ ಎಡಗಡೆಯಿಂದ ಬರುತ್ತದೋ ಬಲಗಡೆಯಿಂದಲೋ ಎಂದು ನಾನು ಎರಡೂ ಕಡೆ ತಯಾರಾಗಿದ್ದೆ. ಎರಡು ಬೀದಿ ದಾಟಿತು.

"ನಾನು ಹುಟ್ಟಿದಾಗ ಪಾಯಸ ಮಾಡಿದ್ರಾ?" ಎಂದ.

"ಹೌದು ಮಾವ."

"ನಂಗೆ ಯಾರೂ ಹೇಳ್ಲಿಲ್ಲ." ತಪ್ಪಲೆಯ ತಳವನ್ನು ಬೆರಳಿನಿಂದ ತಡವಿ, "ಅದೊಂದು ಇನ್ನೊಮ್ಮೆ ಹೇಳು," ಎಂದ.

ನಾನು ಹೆದರಿಕೆಯಲ್ಲಿ ಮೆಲ್ಲನೆ, ನಯವಾಗಿ ಹೇಳಿದೆ. ಮಾವ ತಲೆಯಲ್ಲಾಡಿಸಿದ.

"ಹಾಗಲ್ಲ. ಅಪ್ಪ ನನ್ನ ಹತ್ರ ಯಾವತ್ತೂ ಅಷ್ಟು ಮೆತ್ತಗೆ ಮಾತಾಡಿದವರಲ್ಲ. ಬೈದು ಹೇಳು."

ಇಂಥ ಅವಕಾಶ ಯಾವ ಸೋದರಳಿಯನಿಗೆ ಸಿಗುತ್ತದೆ? ಎರಡು ಸಲ ಕೆಮ್ಮಿದೆ.

"ಎಂತ ಮಂಗನ ಹಾಗೆ ನೋಡ್ತೀಯಾ? ಹುಟ್ಟಿದ ದಿನವೇ ನನ್ನ ಅರ್ಧ ಪಾಯಸ ಒಲೆಗೆ ಹಾಕಿಸಿದವ ನೀನು! ಈಗ ತೂತು ತಪ್ಪಲೆ ಹೊತ್ತುಕೊಂಡು ಊರು ಮೆರವಣಿಗೆ ಹೊರಟಿದ್ದೀಯಾ? ಗಲ್ಲಾದಲ್ಲಿ ಯಾರು ಕೂತಿದ್ದಾರೆ? ದೋಸೆ ಹಿಟ್ಟು ಹುಳಿ ಬಂತಾ ನೋಡಿದ್ಯಾ?"

ರಿಕ್ಷಾದವನು ಪೆಡಲು ನಿಲ್ಲಿಸಿ ಹಿಂದಿರುಗಿ ನೋಡಿದ. ಮಾವ ತಪ್ಪಲೆಯ ಕಂಠವನ್ನು ಎರಡು ಕೈಯಲ್ಲೂ ಹಿಡಿದು ತಲೆ ತಗ್ಗಿಸಿದ.

"ಇಲ್ಲ ಅಪ್ಪ," ಎಂದ. "ಈಗ ಹೋಗಿ ನೋಡ್ತೇನೆ."