ಗಾಜಿಲ್ಲದ ಚೌಕಟ್ಟು

ಆ ಹೆಂಗಸು ಮೊದಲ ದಿನವೇ ನನಗೆ ಹಿಡಿಸಲಿಲ್ಲ. ಅವಳಿಗೂ ನಾನು ಹಿಡಿಸಲಿಲ್ಲ. ಅದೊಂದರಲ್ಲಿ ಮಾತ್ರ ನಮ್ಮಿಬ್ಬರಿಗೆ ಒಮ್ಮತವಿತ್ತು.

ಕೊಲ್ಲಿಯ ಈ ಪುಟ್ಟ ದೇಶದಲ್ಲಿ, ಗುಫೂಲಿನ ನಮ್ಮ ಫ್ರೇಮಿನ ಅಂಗಡಿಗೆ ಅವಳು ಬಂದದ್ದು ಬೆಳಿಗ್ಗೆ ಹತ್ತರ ಸುಮಾರಿಗೆ, ಎಣ್ಣೆ ಕಂಪನಿಯವರ ಊರಾದ ಅವಾಲಿಯಿಂದ, ತಾನೇ ಕಾರು ಓಡಿಸಿಕೊಂಡು. ಅರವತ್ತು ದಾಟಿದ ಬಿಳಿಯ ಹೆಂಗಸು. ಮಕ್ಕಳಿಗೆ ಪಿಯಾನೊ ಕಲಿಸುತ್ತಾಳಂತೆ. ನಾನು ಇಟ್ಟ ಹಾಲಿಲ್ಲದ ಸುಲೈಮಾನಿ ಚಹಾವನ್ನು ಒಂದೇ ಬೆರಳಿನಿಂದ ಆಚೆ ದೂಡಿದಳು. ಎರಡು ರಟ್ಟುಗಳ ನಡುವಿನಿಂದ ಹಳೆಯ ಫೋಟೋ ತೆಗೆದಳು. ಸಿಪಾಯಿಯ ಸಮವಸ್ತ್ರ ತೊಟ್ಟ ಹುಡುಗ, ಇಪ್ಪತ್ತರ ಒಳಗೇ ಇರಬೇಕು, ಕಿವಿಗಳು ಎರಡೂ ಹೊರಗೆ ಚಾಚಿಕೊಂಡಿದ್ದವು. ಭುಜದಿಂದ ಸೊಂಟದವರೆಗೆ ಕಾಗದ ಹರಿದಿತ್ತು. ಟೋಪಿಯ ಮೇಲೆ ಬಿಲ್ಲೆ ಇರಬೇಕಾದ ಜಾಗವನ್ನು ಯಾರೋ ಚೂರಿಯಿಂದ ಆಳವಾಗಿ ಕೆರೆದಿದ್ದರು.

ನಮ್ಮ ಧಣಿ ಉಡುಪಿಯ ಕಡೆಯವರು. ಬಾಯಿ ಸುಮ್ಮನಿರುವುದಿಲ್ಲ.

"ಬ್ರಿಟಿಷ್ ಸೋಲ್ಜರ್, ಮೇಡಂ?"

"ಐರಿಶ್," ಎಂದಳು, ಕೆನ್ನೆಗೆ ಹೊಡೆದ ಹಾಗೆ. "ನನ್ನ ಅಜ್ಜನ ಅಣ್ಣ. ಮೊದಲ ಮಹಾಯುದ್ಧದಲ್ಲಿ ಸತ್ತವನು."

ಅವಳು ಫೋನು ಬಂತೆಂದು ಹೊರಗೆ ಹೋದಾಗ ಧಣಿ ನನ್ನ ಕಡೆ ತಿರುಗಿದರು. "ಎರಡೂ ಒಂದೇ ಅಲ್ವಾ ಅಕ್ಕ? ಎಂತಕ್ಕೆ ಹಾಗೆ ಉರಿದು ಬೀಳುದು?"

"ನಿಮ್ಮನ್ನು ದಿನಾ ಮಲಯಾಳಿಯಾ ಅಂತ ಕೇಳ್ತಾರಲ್ಲ, ಆಗ ನೀವೆಂತ ಮಾಡುದು?"

"ಅದು ಬೇರೆ ಮಾರಾಯ್ರೆ!"

ಒಳಗೆ ಬಂದವಳು ಚೀಟಿಯಲ್ಲಿ ಬರೆಸಿದಳು: ಹರಿದದ್ದು ಮಾತ್ರ ಜೋಡಿಸಬೇಕು, ಬೇರೇನೂ ಮುಟ್ಟಬಾರದು, ಗಾಜು ಬೇಡ. ಬರೆಸಿದ್ದು ಸಾಲದೆಂದು ನನ್ನಿಂದ ಗಟ್ಟಿಯಾಗಿ ಓದಿಸಿದಳು, ಒಂದನೇ ಕ್ಲಾಸಿನ ಮಗುವಿನಿಂದ ಓದಿಸಿದ ಹಾಗೆ. ಈ ಧೂಳಿನ ಊರಿನಲ್ಲಿ ಗಾಜಿಲ್ಲದ ಫ್ರೇಮು! ಇವಳ ಬುದ್ಧಿ ಇಷ್ಟೇ ಎಂದುಕೊಂಡೆ.

ಇನ್ನು ನನ್ನ ತಪ್ಪು ಹೇಳುತ್ತೇನೆ. ಊರಲ್ಲಿ ನನ್ನ ಅಪ್ಪನ ಸ್ಟುಡಿಯೋ ಇತ್ತು. ಉತ್ತರಕ್ರಿಯೆಗೆ ಮೊದಲು ಜನ ಸತ್ತವರ ಫೋಟೋ ಹಿಡಿದು ಓಡಿ ಬರುತ್ತಿದ್ದರು. ಜನ್ಮದಲ್ಲಿ ಅಂಗಿ ಹಾಕದವರಿಗೆ ಅಪ್ಪ ಕುಂಚದಲ್ಲೇ ಕೋಟು ತೊಡಿಸುತ್ತಿದ್ದರು, ಮುಚ್ಚಿದ ಕಣ್ಣು ತೆರೆಸುತ್ತಿದ್ದರು, ಕಲೆ ಅಳಿಸುತ್ತಿದ್ದರು. "ಸತ್ತವರನ್ನು ಗಾಯ ಸಮೇತ ಗೋಡೆಗೆ ಹಾಕಬಾರದು ಮಗಾ" ಎನ್ನುತ್ತಿದ್ದರು. ನನ್ನ ಕೈಗೆ ಬಂದದ್ದು ಆ ವಿದ್ಯೆ.

ಹರಿದದ್ದನ್ನು ಒಂದು ದಿನದಲ್ಲಿ ಮುಗಿಸಿದೆ. ಆಮೇಲೆ ಎರಡು ದಿನ ಆ ಕೆರೆದ ಟೋಪಿ ನನ್ನನ್ನು ಬಿಡಲಿಲ್ಲ. ಹಮದ್ ಟೌನಿನ ನನ್ನ ಮನೆಯಲ್ಲಿ ತೊಂಡೆಕಾಯಿ ಹೆಚ್ಚುವಾಗಲೂ ಅದೇ ಕಣ್ಣಮುಂದೆ. ಕೊನೆಗೆ ಫೋನಿನಲ್ಲಿ ಅಂಥದೇ ಸಮವಸ್ತ್ರದ ಚಿತ್ರ ಹುಡುಕಿದೆ. ಕೆರೆದ ಗುಳಿಗೆ ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದೆ, ಒಣಗಿದ ಮೇಲೆ ನುಣ್ಣಗೆ ತಿಕ್ಕಿದೆ. ಅದರ ಮೇಲೆ ಎಳೆಕುಂಚದಿಂದ ಬಿಲ್ಲೆ ಬರೆದೆ: ಒಂದು ತಂತಿವಾದ್ಯ, ಅದರ ನೆತ್ತಿಗೆ ಕಿರೀಟ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಆ ಜಂಬದ ಹೆಂಗಸಿನ ಬಾಯಿ ಮುಚ್ಚಿಸುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ನಾಲ್ಕನೆಯ ದಿನ ಬಂದಳು. ಫೋಟೋ ಕೈಗೆ ಕೊಟ್ಟೆ. ಅವಳು ನೋಡಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಟೋಪಿಯ ಮೇಲೆ ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಆಮೇಲೆ ಕಣ್ಣು ತೆರೆದಳು.

"ಯಾರು ಹೇಳಿದ್ದು ನಿನಗೆ?"

"ಅದು ಹಾಳಾಗಿತ್ತು. ಸರಿ ಮಾಡಿದೆ."

"ಹಾಳಾಗಿರಲಿಲ್ಲ. ಅವನ ತಾಯಿ ಮಾಡಿದ್ದು ಅದು!"

ಆಗ ಹೇಳಿದಳು, ಬೈಗುಳದ ಹಾಗೆ, ಮೇಜಿಗೆ ಗುದ್ದುತ್ತಾ. ಹುಡುಗ ಯಾರದೋ ಲಾಯದಲ್ಲಿ ಕುದುರೆ ತೊಳೆಯುತ್ತಿದ್ದವನು, ಇಂಗ್ಲಿಷರ ಸೈನ್ಯ ಸೇರಿದ. ಇಲ್ಲಿಂದ ದೂರವಿಲ್ಲದ ಇರಾಕಿನಲ್ಲಿ, ನದಿಯ ಬದಿ ಸತ್ತ, ಹೆಣ ಸಿಗಲಿಲ್ಲ. ಊರಲ್ಲಿ ತಮ್ಮ, ಅಂದರೆ ಇವಳ ಅಜ್ಜ, ಇಂಗ್ಲಿಷರ ಮೇಲೆಯೇ ಬಂದೂಕು ಹಿಡಿದ. ಅವನ ಜತೆಗಾರರು ಊಟಕ್ಕೆ ಬಂದು ಕೂರುತ್ತಿದ್ದದ್ದು ಆ ಫೋಟೋದ ಕೆಳಗೆ. ಇಂಗ್ಲಿಷ್ ರಾಜನ ಆ ಕಿರೀಟ ಕಂಡರೆ ಫೋಟೋ ಒಲೆಗೆ. ತಾಯಿ ಆಲೂಗಡ್ಡೆ ಹೆಚ್ಚುವ ಚೂರಿ ತೆಗೆದುಕೊಂಡು ಕಿರೀಟವನ್ನು ಕೆರೆದಳು. ಮಗ ಗೋಡೆಯಲ್ಲಿ ಉಳಿದ. ಮತ್ತೆ ಸಾಯುವ ತನಕ ದಿನಾ ಸಂಜೆ ಅದೇ ಜಾಗವನ್ನು ಹೆಬ್ಬೆರಳಿಂದ ಮುಟ್ಟುತ್ತಿದ್ದಳು.

"ಅದನ್ನು ನೋಡಿ ನನ್ನ ಅಮ್ಮ ಕಲಿತಳು. ಈಗ ಅಮ್ಮನಿಗೆ ಕಣ್ಣಿಲ್ಲ. ಕೈಗೆ ಕೊಟ್ಟರೆ ಆ ಗೀರು ಹುಡುಕಿ, 'ಇದ್ದಾನೆ' ಅನ್ನುತ್ತಾಳೆ. ನಾಳೆ ಬೆಳಿಗ್ಗೆ ಊರಿಗೆ ನನ್ನ ವಿಮಾನ. ಏನು ಕೊಡಲಿ ಅವಳ ಕೈಗೆ? ನಿನ್ನ ಸುಣ್ಣವನ್ನಾ?"

ಧಣಿ ನಡುವೆ ಬಂದರು. "ಮೇಡಂ, ಹೊಸ ಪ್ರಿಂಟ್ ಮಾಡಿ ಕೊಡುವ. ಸೇಮ್ ಟು ಸೇಮ್."

"ನಿನ್ನ ತಾಯಿ ಸಿಗುತ್ತಾಳಾ ಎಲ್ಲಾದರೂ, ಸೇಮ್ ಟು ಸೇಮ್?"

ಧಣಿ ಗಲ್ಲಾಪೆಟ್ಟಿಗೆಯ ಹಿಂದಕ್ಕೆ ಹೋಗಿ, ಎಣಿಸಿಟ್ಟ ನೋಟುಗಳನ್ನೇ ಮತ್ತೆ ಎಣಿಸತೊಡಗಿದರು.

"ತೆಗಿ," ಎಂದಳು ನನಗೆ. ಸ್ಟೂಲು ಎಳೆದುಕೊಂಡು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಕುಳಿತಳು.

ಹತ್ತಿಯನ್ನು ಒದ್ದೆ ಮಾಡಿ ಹಿಂಡಿ ಒತ್ತಿದೆ. ಕಿರೀಟ ಹೋಯಿತು, ತಂತಿಗಳು ಹೋದವು. ಮೆತ್ತಗಾದ ಸುಣ್ಣವನ್ನು ಸೂಜಿಯಿಂದ ಕಾಳು ಕಾಳಾಗಿ ಎತ್ತಿದೆ. ಸೂಜಿ ಕೂದಲಷ್ಟು ಜಾರಿದರೂ ಹುಡುಗನ ಹಣೆ ಹರಿದೀತು. ನನ್ನ ಬುತ್ತಿಯ ಗಂಜಿ ಹಾಗೇ ಉಳಿಯಿತು. ಅವಳು ಕಣ್ಣು ಕದಲಿಸಲಿಲ್ಲ.

ನಡುವೆ ಸೂಜಿ ಕೆಳಗಿಟ್ಟೆ. "ಯಾಕೆ ಮುಟ್ಟಬಾರದು ಅಂತ ಅವತ್ತೇ ಹೇಳಬಹುದಿತ್ತಲ್ಲ ನೀವು?"

"ಬರೆಸಿದೆ. ಓದಿಸಿದೆ. ಕಾರಣವನ್ನೂ ಕೊಡಬೇಕಿತ್ತಾ?"

ಸೂಜಿ ಎತ್ತಿಕೊಂಡೆ.

ಎರಡು ಗಂಟೆಯ ಮೇಲೆ ಗುಳಿ ತೆರೆಯಿತು. ಅವಳು ಕಣ್ಣು ಮುಚ್ಚಿ ಹೆಬ್ಬೆರಳು ಇಟ್ಟಳು. "ಕೆಳಗೆ ಇನ್ನೂ ಇದೆ," ಎಂದಳು. ಅದನ್ನೂ ತೆಗೆದೆ. ಮತ್ತೆ ಇಟ್ಟಳು. ಈ ಸಲ ಬೆರಳು ತಾನಾಗಿ ನಿಂತಿತು.

ಆದರೆ ಕೆರೆದ ಕಡೆ ಕಾಗದದ ಮೈ ಹಸಿ ಗಾಯದ ಹಾಗೆ ತೆರೆದುಕೊಂಡಿತ್ತು, ನೀರಿನ ಜತೆ ನನ್ನ ಬಣ್ಣವನ್ನೂ ಕುಡಿದುಬಿಟ್ಟಿತ್ತು. ಬೆಳ್ಳಗಿದ್ದ ಗೀರು ಬೂದಿಯ ಬಣ್ಣಕ್ಕೆ ತಿರುಗಿತ್ತು, ಇನ್ನು ಅದು ಹೋಗುವುದಿಲ್ಲ. ಅದನ್ನು ಹೇಳಿದೆ. ಕ್ಷಮಿಸಿ ಎಂದೂ ಹೇಳಿದೆ. ಸ್ವರ ಮಾತ್ರ ಗಡುಸಾಗಿಯೇ ಬಂತು.

ಅವಳು ಗಾಜಿಲ್ಲದ ಚೌಕಟ್ಟಿಗೆ ಫೋಟೋ ಹಾಕಿಸಿಕೊಂಡು ಎದೆಗೆ ಒತ್ತಿ ಬಾಗಿಲ ತನಕ ಹೋಗಿ ತಿರುಗಿದಳು.

"ಅಮ್ಮನಿಗೆ ಕಾಣುವುದಿಲ್ಲ," ಎಂದಳು. "ನನಗೆ ಕಾಣುತ್ತದೆ."