ಹಾಜರಿ ಪುಸ್ತಕದಲ್ಲಿ ಹೈಕೋರ್ಟು

ಕಾಫಿ ಎಂದು ಕೂಗಿದರೆ ಆರು ವರ್ಷದ ಹುಡುಗಿಯೊಬ್ಬಳು ಎದ್ದು ನಿಲ್ಲುವ ಊರಿಗೆ ನಾವು ಸಂಸಾರ ಸಾಗಿಸಿಕೊಂಡು ಬಂದು ಎರಡು ವರ್ಷವಾಯಿತು. ಬೇಲೂರಿಗೂ ಹಳೇಬೀಡಿಗೂ ನಡುವೆ, ಬಸ್ಸಿಳಿದು ಮೂರು ಮೈಲಿ ಒಳಗೆ ನಡೆದರೆ ಸಿಗುವ ಜಾಗ. ಹಕ್ಕಿ ಹಿಡಿಯುತ್ತ ಅಲೆಯುತ್ತಿದ್ದ ಹಕ್ಕಿಪಿಕ್ಕಿ ಜನರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ಕೂರಿಸಿದೆ. ಅವರ ಮಕ್ಕಳಿಗೆ ಅಕ್ಷರ ಹೇಳಿಕೊಡಲು ಅರಸೀಕೆರೆಯಿಂದ ನಮ್ಮಪ್ಪನನ್ನು ವರ್ಗ ಮಾಡಿದರು. ಅಪ್ಪನ ಹಿಂದೆ ಅಮ್ಮ, ಅಮ್ಮನ ಹಿಂದೆ ಒರಳುಕಲ್ಲು, ಅದರ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನಾನು. ಉಪಯೋಗದ ದೃಷ್ಟಿಯಿಂದ ನೋಡಿದರೆ ಈ ಕ್ರಮ ಸರಿಯಾಗಿಯೇ ಇದೆ.

ನನಗಿರುವ ಒಂದೇ ವಿದ್ಯೆ ಅಣಕ. ಅರಸೀಕೆರೆಯ ಕೊಬ್ಬರಿ ಮಂಡಿಯವರ ನಗುವನ್ನೂ, ಮಂತ್ರ ಮರೆತ ಪುರೋಹಿತರು ಮೂಗಿನಲ್ಲೆಳೆಯುವ ರಾಗವನ್ನೂ ಅವರಿಗಿಂತ ಚೆನ್ನಾಗಿ ನಾನೇ ಮಾಡುತ್ತಿದ್ದೆ. ಇಲ್ಲಿಗೆ ಬಂದ ಮೊದಲ ದಿನ ಜಗಲಿಯಲ್ಲಿ ಕುಳಿತು ಗೌಜಲಹಕ್ಕಿಯಂತೆ ಕೂಗಿ ತೋರಿಸಿದೆ. ಕೇರಿಯವರು ಸೌಜನ್ಯದಿಂದ ಕೇಳಿದರು. ಆಮೇಲೆ ಹಲ್ಲಿಲ್ಲದ ಮುದುಕನೊಬ್ಬ ತಾನೂ ಒಮ್ಮೆ ಕೂಗಿದ. ಬೇಲಿಯಾಚೆಯಿಂದ ನಿಜವಾದ ಗೌಜಲು ಉತ್ತರ ಕೊಟ್ಟಿತು.

"ನಿಮ್ದೂ ಚೆನ್ನಾಗೈತೆ ಸಾಮಿ," ಎಂದ ಮುದುಕ, "ಆದ್ರೆ ನಿಮ್ ಹಕ್ಕಿಗೆ ನೆಗಡಿ ಆಗೈತೆ."

ಇದಕ್ಕೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಸ್ಕೂಲ್ ಇನ್ಸ್‌ಪೆಕ್ಟರು ಬಂದಾಗ. ಅಪ್ಪ, ಹೆತ್ತವರು ಇಟ್ಟ ಹೆಸರಿನಲ್ಲೇ ಮಕ್ಕಳ ಹಾಜರಿ ಕೂಗಿದರು: ಹೈಕೋರ್ಟು, ಸೈಕಲ್ಲು, ಮೈಸೂರು, ಕಾಫಿ. ಕಾಫಿ ಎಂದೊಡನೆ ಇನ್ಸ್‌ಪೆಕ್ಟರು, ಬೇಡ ಮೇಷ್ಟ್ರೇ, ಬೇಲೂರಿನಲ್ಲೇ ಆಯಿತು ಎಂದರು. ಹುಡುಗಿ ಎದ್ದು ನಿಂತಿತು. ಅವರ ಮುಖ ಕೆಂಪಾಯಿತು. ಇವೆಲ್ಲ ಮನುಷ್ಯರ ಹೆಸರುಗಳೇ ಅಲ್ಲ, ಪುಸ್ತಕವೇ ಸುಳ್ಳು ಎಂದುಬಿಟ್ಟರು. ತಿಂಗಳೊಳಗೆ ಮರ್ಯಾದಸ್ಥ ಹೆಸರು ಬರೆಯದಿದ್ದರೆ ಶಾಲೆ ಮುಚ್ಚಿಸುವುದಾಗಿ ಹೇಳಿ ಹೊರಟುಹೋದರು.

ನೀವೇ ಹೇಳಿ. ಪುಸ್ತಕ ನಿಜವೆನಿಸಬೇಕಾದರೆ ಅದರಲ್ಲಿ ಸುಳ್ಳು ಬರೆಯಬೇಕಂತೆ. ಕೆರೆಗೆ ಬರುವ ಅರಸಿ ಯಾರೂ ಉಳಿದಿಲ್ಲ, ಊರಿನ ಹೆಸರು ಅರಸೀಕೆರೆ. ಸಮುದ್ರದ ಗಾಳಿಯೂ ಸೋಕದ ಹಳೇಬೀಡು ಹಿಂದೆ ದ್ವಾರಸಮುದ್ರ ಎಂದು ಮೆರೆಯಿತು. ಆಗ ಯಾವ ಇನ್ಸ್‌ಪೆಕ್ಟರು ಬಂದು ತಿದ್ದಿಸಿದ? ಅಷ್ಟೇಕೆ, ನನ್ನ ಹೆಸರು ನರಸಿಂಹ. ಮೈಮೇಲೆ ಹಲ್ಲಿ ಬಿದ್ದರೆ ಅಮ್ಮನನ್ನು ಕೂಗುತ್ತೇನೆ. ನನ್ನನ್ನು ಯಾವ ಪುಸ್ತಕದಿಂದಲೂ ಹೊಡೆದುಹಾಕಿಲ್ಲ.

ಅಪ್ಪ ಮೂರು ದಿನ ಪೆನ್ನು ಹಿಡಿದು ಕುಳಿತರು. ಕೊನೆಗೆ ನನ್ನ ಕಡೆ ತಿರುಗಿ, "ರಾಮ ಅಂತ ಕೂಗಿದ್ರೆ ಹೈಕೋರ್ಟು ಎದ್ದು ನಿಲ್ಲಲ್ಲ ಕಣೋ. ಎದುರಿಗೆ ಕೂತಿರೋ ಮಗೂಗೆ ಗೈರುಹಾಜರಿ ಹಾಕ್ಲಾ?" ಎಂದರು. ಪೆನ್ನಿಗೆ ಕ್ಯಾಪು ಹಾಕಿದರು. ಶಾಲೆ ಹೋದರೆ ಹೋಗಲಿ ಎಂದು ಅಮ್ಮನೂ ಹೇಳಿದಳು. ಹೇಳಿ, ಒಳಗೆ ಹೋಗಿ ಅತ್ತಳು.

ತಿಂಗಳು ಕಳೆದು ಇನ್ಸ್‌ಪೆಕ್ಟರು ಮತ್ತೆ ಬಂದರು. ಅವರ ದನಿಯಲ್ಲೇ, ಅವರ ಮೂತಿಯಲ್ಲೇ ಅವರಿಗೆ ಉತ್ತರ ಹೇಳಲು ನಾನೊಂದು ಭಾಷಣ ಉರು ಹೊಡೆದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಕಾಫಿಯ ತಾಯಿ ಸಾಹೇಬರ ಹೆಸರೇನೆಂದು ಕೇಳಿದಳು. ತಿಪ್ಪೇಶಪ್ಪ ಎಂದರು.

"ತಿಪ್ಪೆ ಅಂತ ಯಾರಾದ್ರೂ ಹೆಸ್ರಿಡ್ತಾರಾ ಸಾಮಿ?"

ಅವಳ ದನಿಯಲ್ಲಿ ಅಣಕ ಇರಲಿಲ್ಲ. ಇದ್ದಿದ್ದರೆ ನನಗೆ ಗೊತ್ತಾಗುತ್ತಿತ್ತು. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿದರು.

"ನನಗಿಂತ ಮುಂಚೆ ಮೂರು ಹೋಗಿದ್ವಮ್ಮ. ಇದಾದ್ರೂ ಉಳೀಲಿ ಅಂತ ನಮ್ಮವ್ವ ತಿಪ್ಪೆ ಮೇಲೆ ಉರುಳಿಸಿ ಆ ಹೆಸರಿಟ್ಟಳು."

"ನಂಗೂ ಎರಡು ಹೋಗಿದ್ವು," ಎಂದಳು ಅವಳು. "ಬಾಣಾವರದ ಟೇಸನ್ ಹತ್ರ ಇದು ಹುಟ್ದಾಗ ಅಳ್ಲೇ ಇಲ್ಲ. ಹೋಟ್ಲು ಅಮ್ಮ ನಂಗೊಂದು ಲೋಟ ಕಾಫಿ ಕೊಟ್ಲು. ಅದನ್ನ ಕುಡಿಯೋ ಹೊತ್ಗೆ ಇದು ಅಳ್ತು."

ಇನ್ಸ್‌ಪೆಕ್ಟರು ಹಾಜರಿ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, ಹೆಸರುಗಳು ಸರಿಯಾಗಿವೆ, ಶಾಲೆ ಮುಂದುವರಿಯತಕ್ಕದ್ದು ಎಂದು ಬರೆದು ಸಹಿ ಹಾಕಿದರು.

ಎಲ್ಲರಿಗೂ ಸಂತೋಷವಾಯಿತು. ನನ್ನ ಗತಿ ಕೇಳುವವರಿಲ್ಲ. ತಿಂಗಳಿಡೀ ಮುತುವರ್ಜಿಯಿಂದ ಸಾಕಿ ಬೆಳೆಸಿದ ಸಿಟ್ಟು, ಅದಕ್ಕೆ ತಕ್ಕ ಒಬ್ಬ ಮನುಷ್ಯ; ಆತ ಕಣ್ಣೆದುರಿಗೇ ಒಳ್ಳೆಯವನಾಗಿಬಿಟ್ಟರೆ ಅದನ್ನು ಯಾರ ತಲೆಗೆ ಕಟ್ಟಲಿ? ಹೆಸರಿನ ವಿಷಯದಲ್ಲಿ ಅವರನ್ನು ಎಂದೋ ಕ್ಷಮಿಸಿದ್ದೇನೆ. ಕ್ಷಮಿಸುವಂತೆ ಮಾಡಿದರಲ್ಲ, ಅದಕ್ಕೆ ಮಾತ್ರ ಇನ್ನೂ ಕ್ಷಮಿಸಿಲ್ಲ.