ಬದನೆಕಾಯಿ ಕರಿದ ಎಣ್ಣೆ

ನನಗೆ ಸ್ಪ್ಯಾನಿಷ್ ಬರುತ್ತದೆ ಎಂಬ ಜಂಬ ಇಳಿದದ್ದು ಸ್ಪೇನಿನ ಕೊರ್ಡೊಬಾದಲ್ಲಿ. ಅಮೆರಿಕದ ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನ ಎದುರಿಗಿರುವ ಮೆಕ್ಸಿಕನ್ ಬರ್ರಿಟೊ ಅಂಗಡಿಯಲ್ಲಿ ವರ್ಷಗಟ್ಟಲೆ ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದು ಹೇಳಿ ಅನ್ನ, ಬೀನ್ಸು ತಿಂದವಳು ನಾನು. ಅಷ್ಟನ್ನೇ ಬಂಡವಾಳ ಮಾಡಿಕೊಂಡು, ಧಾರವಾಡದ ಅತ್ತೆಯವರನ್ನೂ ಮಗಳನ್ನೂ ಕರೆದುಕೊಂಡು ಜುಲೈ ತಿಂಗಳ ಉರಿಬಿಸಿಲಿಗೆ ಹೋಗಿದ್ದೆ.

ಬೆಳಿಗ್ಗೆಯೆಲ್ಲ ಅಲ್ಲಿನ ಹಳೆಯ ಮಸೀದಿಯ ಕಂಬಗಳ ನಡುವೆ ಅಡ್ಡಾಡಿದೆವು. ಅತ್ತೆಯವರು ಒಂದೊಂದು ಕಂಬಕ್ಕೂ ಕೈಯಿಟ್ಟು ನೋಡಿದರು. ಶಿಲ್ಪಕಲೆಯ ಮೇಲಿನ ಭಕ್ತಿ ಎಂದುಕೊಂಡೆ. ಕಲ್ಲು ತಣ್ಣಗಿತ್ತು, ಅಷ್ಟೇ. ಹೊರಗೆ ಬಂದಾಗ ಗಂಟೆ ಎರಡೂವರೆ. ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿಯಾಗಿತ್ತು, ಹೊಟ್ಟೆಗೆ ಬಿದ್ದದ್ದು ಒಂದೇ ಬಾಳೆಹಣ್ಣು. ಅವಲಕ್ಕಿ ಡಬ್ಬಿಯನ್ನು ನಾನು ಮಹಾತಾಯಿ ರೂಮಿನಲ್ಲೇ ಬಿಟ್ಟು ಬಂದಿದ್ದೆ. ರೆಸ್ಟೋರೆಂಟಿನಲ್ಲಿ ಕೂತ ಕೂಡಲೇ ಕಿತ್ತಳೆ ಜ್ಯೂಸು ಕುಡಿಸಿದೆ. ಸಕ್ಕರೆ ಇಳಿದು ಬಂದಿದ್ದ ಸುಸ್ತು ಪೂರ್ತಿ ಹೋಗಲಿಲ್ಲ. ಊಟ ಬೇಕಿತ್ತು.

‘ಸಿನ್ ಕಾರ್ನೆ’ ಎಂದೆ. ಮಾಣಿ ತಲೆಯಾಡಿಸಿ ಟೊಮೆಟೊದ ತಣ್ಣನೆಯ ಗಟ್ಟಿ ಸೂಪು ತಂದಿಟ್ಟ. ಅದರ ಮೇಲೆ, ನಾವು ಕೊತ್ತಂಬರಿ ಉದುರಿಸಿದ ಹಾಗೆ, ಬೇಯಿಸಿದ ಮೊಟ್ಟೆಯ, ಹಂದಿಮಾಂಸದ ಚೂರುಗಳು. ಅವನ ಪ್ರಕಾರ ಅವು ಮಾಂಸದ ಜಾತಿಗೇ ಸೇರಿದವಲ್ಲ. ಅತ್ತೆಯವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

ಹದಿನಾಲ್ಕರ ನನ್ನ ಮಗಳು ಆಗ ಮೆನು ಎತ್ತಿಕೊಂಡಳು. ಸ್ಕೂಲಿನಲ್ಲಿ ಅವಳಿಗೆ ಸ್ಪ್ಯಾನಿಷ್ ಇದೆ. ಬದನೆಕಾಯಿ ಕರಿದು ಜೇನು ಹಾಕಿ ಕೊಡುತ್ತಾರೆ ಎಂದು ಗೊತ್ತಾದಾಗ ಅತ್ತೆಯವರ ಮುಖ ಅರಳಿತು. ಬದನೆಕಾಯಿ ಅಂದರೆ ಅವರಿಗೆ ಜೀವ. ಮಗಳು ಮಾಣಿಯನ್ನು ಇನ್ನೂ ಏನೋ ಕೇಳಿದಳು. ಅವನು ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದ.

“ಸೇಮ್ ಆಯಿಲ್, ಅಮ್ಮ. ದೇ ಫ್ರೈ ಫಿಶ್ ಇನ್ ಇಟ್,” ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು.

“ಡೋಂಟ್ ಟೆಲ್ ಹರ್. ಶೀ ಹ್ಯಾಸ್ ಟು ಈಟ್,” ಎಂದೆ, ಅತ್ತೆಯವರಿಗೆ ತಿಳಿಯದಿರಲಿ ಎಂದು ಇಂಗ್ಲಿಷಿನಲ್ಲೇ.

ಮಗಳು ನನ್ನನ್ನೊಮ್ಮೆ ನೋಡಿದಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಅಜ್ಜಿಯ ಕಡೆ ತಿರುಗಿ ಹೇಳಿದಳು: “ಅಜ್ಜಿ, ಬದನಿಕಾಯಿ ಬ್ಯಾಡ. ಎಣ್ಣಿ ಒಂದ ಅದ. ಮೀನೂ ಅದರಾಗ ಕರೀತಾರ.”

ನನ್ನ ಮೈಸೂರಿನ ಕನ್ನಡವಲ್ಲ, ಅಪ್ಪಟ ಧಾರವಾಡದ್ದು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳೋ.

ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಎದ್ದು ಅಡುಗೆಮನೆಯ ಬಾಗಿಲಿಗೇ ಹೋಗಿ ನಿಂತಳು. ಕೈಯಾಡಿಸಿ ಏನೇನೋ ವಿವರಿಸಿದಳು. ಸೂಪಿನಲ್ಲಿ ಟೊಮೆಟೊ, ಬ್ರೆಡ್ಡು, ಎಣ್ಣೆ, ಬೆಳ್ಳುಳ್ಳಿ ಬಿಟ್ಟರೆ ಇನ್ನೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಮೊಟ್ಟೆಯಿಲ್ಲದೆ, ಹಂದಿಯಿಲ್ಲದೆ, ತೊಳೆದ ಬಟ್ಟಲಿಗೆ ಬೇರೆ ಸೌಟಿನಲ್ಲಿ ಬಡಿಸಿಕೊಂಡು ಬಂದಳು.

ಅತ್ತೆಯವರು ಎರಡು ಬಟ್ಟಲು ಖಾಲಿ ಮಾಡಿದರು. “ಬಳ್ಳೊಳ್ಳಿ ಭಾಳ ಆತು. ಆದ್ರ ಛಲೋ ಅದ,” ಎಂದರು. ಸುಸ್ತು ಕಳೆದಿತ್ತು. ಬಾಯಿ ಒರೆಸಿಕೊಂಡು ನನ್ನ ಕಡೆ ನೋಡಿದರು.

“ನೀ ಇಂಗ್ಲೀಷಿನ್ಯಾಗ ಅಂದದ್ದು ನನಗ ತಿಳೀತವಾ. ನನ್ನ ಕಾಳಜಿಗೇ ಅಂದಿ, ಅದೂ ಗೊತ್ತದ. ಆದ್ರ ಆಕಿ ನಿನ್ನ ಮಾತ ಕೇಳ್ಲಿಲ್ಲ ನೋಡು.”

ಮುಖ ಎತ್ತಲಾರದಷ್ಟು ನಾಚಿಕೆಯಾಯಿತು. ಆದರೂ ನನ್ನ ಮಾತು ಮೀರಿದ ಮಗಳ ಮೇಲೆ ಅವತ್ತು ಬಂದಷ್ಟು ಹೆಮ್ಮೆ, ಅವಳು ಮಾತು ಕೇಳಿದ ಯಾವ ದಿನವೂ ಬಂದಿರಲಿಲ್ಲ.